ಹೆತ್ತವರಿಗೆ ಹೆಗ್ಗಣ ಮುದ್ದು, ಸತ್ತ ಮೇಲೆ ಎಲ್ಲರಿಗೂ ಮುದ್ದು: ಓದುಗರ ಸಿನಿಮಾ ಪ್ರಶ್ನೆಗಳು

ಹೋದ ಸಂಚಿಕೇಲಿ 'ವರ್ಲ್ಡ್ಸ್ ಗ್ರೇಟೆಸ್ಟ್ ಡ್ಯಾಡ್' ಅನ್ನೋ 2009ರ ಅಮೆರಿಕನ್ ಸಿನಿಮಾ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ, ಅಪ್ಪನ ಬಗ್ಗೆ ಬಂದಿರೋ ಡಾರ್ಕ್ ಕಾಮಿಡಿಗಳಲ್ಲಿ, ಅಂದ್ರೆ ಸಾವು ನೋವಿನಂಥ ವಿಷಯ ಇಟ್ಕೊಂಡೇ ನಗಿಸೋ ಸಿನಿಮಾಗಳಲ್ಲಿ, ನನಗೆ ಇದರಷ್ಟು ತಟ್ಟಿದ್ದು ಇನ್ನೊಂದಿಲ್ಲ ಅಂತ. ಅದಕ್ಕೆ ಬಂದಿರೋ ಪತ್ರಗಳನ್ನ ನೋಡಿದ್ರೆ ಅರ್ಧ ಜನ ಥ್ಯಾಂಕ್ಸ್ ಅಂದಿದ್ದಾರೆ, ಅರ್ಧ ಜನ ಬೈದಿದ್ದಾರೆ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ನೋಡದೇ ಇರೋರಿಗೆ ಕಥೆ ಹೇಳಿಬಿಡ್ತೀನಿ, ಮೊದಲೇ ಗೊತ್ತಾಗೋದು ಬೇಡ ಅನ್ನೋರು ಸಿನಿಮಾ ನೋಡಿ ಬಂದು ಓದಿ.

ಲ್ಯಾನ್ಸ್ ಕ್ಲೇಟನ್ ಅಂತ ಒಬ್ಬ ಹೈಸ್ಕೂಲ್ ಮೇಷ್ಟ್ರು, ಈ ಪಾತ್ರ ಮಾಡಿರೋದು ರಾಬಿನ್ ವಿಲಿಯಮ್ಸ್. ಕವಿತೆ ಪಾಠ ಮಾಡ್ತಾನೆ, ಕ್ಲಾಸಿಗೆ ಬರೋರೇ ಬೆರಳೆಣಿಕೆ ಹುಡುಗರು. ಕಾದಂಬರಿ ಮೇಲೆ ಕಾದಂಬರಿ ಬರೆದಿದ್ದಾನೆ, ಒಂದೂ ಪ್ರಿಂಟಾಗಿಲ್ಲ. ಒಬ್ಬನೇ ಮಗ ಕೈಲ್, ಹದಿನೈದು ವರ್ಷ, ಬಾಯಿ ಬಿಟ್ರೆ ಹೊಲಸು, ಅಪ್ಪನನ್ನ ಕಂಡ್ರೆ ಉರಿದು ಬೀಳ್ತಾನೆ, ಶಾಲೇಲಿ ಅವನನ್ನ ಸಹಿಸೋನು ಆಂಡ್ರ್ಯೂ ಅನ್ನೋ ಒಬ್ಬ ಗೆಳೆಯ ಮಾತ್ರ. ಒಂದು ರಾತ್ರಿ ಈ ಹುಡುಗ ರೂಮಲ್ಲಿ ಒಬ್ಬನೇ ಇದ್ದಾಗ ಯಾರಿಗೂ ಹೇಳಿಕೊಳ್ಳೋಕಾಗದಂಥ ರೀತೀಲಿ ಆಕಸ್ಮಿಕವಾಗಿ ಸತ್ತು ಹೋಗ್ತಾನೆ. ಮಗನ ಮಾನ ಉಳಿಸ್ಬೇಕು ಅಂತ ಅಪ್ಪ ಅದನ್ನ ಆತ್ಮಹತ್ಯೆ ಥರ ಕಾಣೋ ಹಾಗೆ ಮಾಡಿ, ಮಗನೇ ಬರೆದ ಹಾಗೆ ಒಂದು ಕೊನೇ ಪತ್ರ ಬರೆದಿಡ್ತಾನೆ. ಆ ಪತ್ರ ಶಾಲೆಯ ಪತ್ರಿಕೇಲಿ ಅಚ್ಚಾಗುತ್ತೆ. ಬದುಕಿದ್ದಾಗ ಕೈಲ್‌ನ ಮುಖ ನೋಡದಿದ್ದವರೆಲ್ಲ ಅವನನ್ನ ಹೊತ್ತು ಮೆರೆಸೋಕೆ ಶುರು ಮಾಡ್ತಾರೆ. ಅಪ್ಪನೂ ಆ ಗಾಳಿಗೆ ಸಿಕ್ಕಿ ಮಗನ ಡೈರಿ ಅಂತ ಒಂದು ಪುಸ್ತಕವನ್ನೇ ತಾನು ಕೂತು ಬರೀತಾನೆ, ಇಷ್ಟು ವರ್ಷ ಯಾರೂ ಓದದೇ ಇದ್ದ ಅವನ ಬರವಣಿಗೇನ ಈಗ ಸತ್ತ ಮಗನ ಹೆಸರಲ್ಲಿ ಎಲ್ಲರೂ ಓದ್ತಾರೆ. ಬರೆದು ನಿರ್ದೇಶನ ಮಾಡಿದ್ದು ಬಾಬ್‌ಕ್ಯಾಟ್ ಗೋಲ್ಡ್‌ಥ್ವೇಟ್, ಸ್ಟ್ಯಾಂಡಪ್ ಕಾಮಿಡಿಯಿಂದ ಬಂದವನು, ವಿಲಿಯಮ್ಸ್‌ಗೆ ಹಳೇ ಗೆಳೆಯ. ಈಗ ಪ್ರಶ್ನೆಗಳಿಗೆ ಬರೋಣ.

ಪ್ರಶ್ನೆ: ವಿಮರ್ಶಕರು ಅಷ್ಟು ಹೊಗಳಿದ್ರೆ ಜನ ಯಾಕೆ ನೋಡಲಿಲ್ಲ ಸರ್? ನಾನು ರಾಬಿನ್ ವಿಲಿಯಮ್ಸ್ ಫ್ಯಾನ್, ಅವರ ಸಿನಿಮಾಗಳೆಲ್ಲ ಗೊತ್ತು ಅಂದ್ಕೊಂಡಿದ್ದೆ, ಇದರ ಹೆಸರೇ ಕೇಳಿರಲಿಲ್ಲ.

ನೀವೊಬ್ಬರೇ ಅಲ್ಲ, ಅಮೆರಿಕದಲ್ಲೇ ಬಹಳ ಜನ ಕೇಳಿರಲಿಲ್ಲ. 2009ರ ಜನವರೀಲಿ ಸನ್‌ಡ್ಯಾನ್ಸ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಮೊದಲು ತೋರಿಸಿದ್ರು, ಆಗಸ್ಟ್ 21ಕ್ಕೆ ಮ್ಯಾಗ್ನೋಲಿಯಾ ಪಿಕ್ಚರ್ಸ್ ಅನ್ನೋ ಹಂಚಿಕೆ ಕಂಪನಿ ಅಮೆರಿಕದ ಬೆರಳೆಣಿಕೆ ಥಿಯೇಟರ್‌ಗಳಲ್ಲಿ ರಿಲೀಸ್ ಮಾಡ್ತು, ಅದಕ್ಕೂ ಮೊದಲೇ ಮನೇಲೇ ದುಡ್ಡು ಕೊಟ್ಟು ನೋಡೋ ವಿಡಿಯೋ ಆನ್ ಡಿಮಾಂಡ್‌ನಲ್ಲಿ ಬಿಟ್ಟಾಗಿತ್ತು. ಥಿಯೇಟರ್ ಗಳಿಕೆ ಪ್ರಪಂಚದ ಲೆಕ್ಕ ಎಲ್ಲಾ ಸೇರಿಸಿದ್ರೂ 3 ಲಕ್ಷ ಡಾಲರ್ ದಾಟಲಿಲ್ಲ. ಆಸ್ಕರ್ ಗೆದ್ದ ನಟ, 1993ರಲ್ಲಿ 'ಮಿಸೆಸ್ ಡೌಟ್‌ಫೈರ್' ಅಂತ ಇನ್ನೊಂದು ಅಪ್ಪನ ಪಾತ್ರ ಮಾಡಿ 44 ಕೋಟಿ ಡಾಲರ್ ತಂದುಕೊಟ್ಟವನು, ಅವನ ಸಿನಿಮಾ ಕಥೆ ಇದು.

ಇನ್ನೊಂದು ಲೆಕ್ಕ ಹೇಳ್ತೀನಿ, ಇದು ನನಗೆ ಇವತ್ತಿಗೂ ಕಾಡೋ ಲೆಕ್ಕ. ಅದೇ 2009ರಲ್ಲಿ, ಮೂರೇ ತಿಂಗಳ ಅಂತರದಲ್ಲಿ, ನವೆಂಬರ್ ಕೊನೇಲಿ, ಅದೇ ವಿಲಿಯಮ್ಸ್ ನಟಿಸಿದ 'ಓಲ್ಡ್ ಡಾಗ್ಸ್' ಬಂತು. ಡಿಸ್ನಿ ಸಿನಿಮಾ, ಜೊತೇಲಿ ಜಾನ್ ಟ್ರವೋಲ್ಟಾ, ಅದೂ ಅಪ್ಪನಾಗೋದರ ಬಗ್ಗೇನೇ, ಇದ್ದಕ್ಕಿದ್ದ ಹಾಗೆ ಎರಡು ಮಕ್ಕಳ ಜವಾಬ್ದಾರಿ ತಲೆ ಮೇಲೆ ಬೀಳೋ ಕಥೆ. ಆ ಸಿನಿಮಾನ ವಿಮರ್ಶಕರು ತರಾಟೆಗೆ ತಗೊಂಡ್ರು, ವಿಮರ್ಶೆಗಳನ್ನೆಲ್ಲ ಒಟ್ಟು ಹಾಕೋ ರಾಟನ್ ಟೊಮೇಟೋಸ್ ಅನ್ನೋ ವೆಬ್‌ಸೈಟಿನಲ್ಲಿ ನೂರಕ್ಕೆ ಐದು ಜನ ಕೂಡ ಮೆಚ್ಚಿದ್ದು ಕಷ್ಟ, ಆದ್ರೆ ಗಳಿಸಿದ್ದು 9 ಕೋಟಿ ಡಾಲರ್‌ಗೂ ಮೇಲೆ. ಇತ್ತ 'ವರ್ಲ್ಡ್ಸ್ ಗ್ರೇಟೆಸ್ಟ್ ಡ್ಯಾಡ್'ನ ಅದೇ ಸೈಟಿನಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ವಿಮರ್ಶಕರು ಮೆಚ್ಚಿದ್ದಾರೆ, ಅಲ್ಲಿನ ಹೆಸರಾಂತ ವಿಮರ್ಶಕ ರೋಜರ್ ಎಬರ್ಟ್ ನಾಲ್ಕಕ್ಕೆ ಮೂರು ಸ್ಟಾರ್ ಕೊಟ್ಟ. ಒಬ್ಬನೇ ನಟ, ಒಂದೇ ವರ್ಷ, ಒಂದೇ ವಿಷಯ, ಫಲ ಮಾತ್ರ ತಲೆಕೆಳಗು.

ಇದನ್ನ ನೋಡಿ ಜನರಿಗೆ ಟೇಸ್ಟ್ ಇಲ್ಲ ಅಂತ ಹೇಳೋರ ಗುಂಪಿಗೆ ನಾನು ಸೇರಲ್ಲ. ವಿಮರ್ಶಕ ಥಿಯೇಟರಿಗೆ ಹೋಗೋದು ಅವನ ಕೆಲಸಕ್ಕೆ, ಒಬ್ಬನೇ ಹೋಗ್ತಾನೆ, ಸಿನಿಮಾ ತಪ್ಪಾಗಿ ಆರಿಸ್ಕೊಂಡೆ ಅಂತ ಮನೆಯವರ ಮುಂದೆ ಮುಖ ಸಣ್ಣದು ಮಾಡ್ಕೊಳ್ಳೋ ಪ್ರಮೇಯ ಅವನಿಗಿಲ್ಲ. ಹೆಂಡತಿ ಮಕ್ಕಳನ್ನ ಕರ್ಕೊಂಡು ವಾರಕ್ಕೊಂದೋ ತಿಂಗಳಿಗೊಂದೋ ಸಿನಿಮಾಗೆ ಹೋಗೋ ಮನುಷ್ಯ ಪೋಸ್ಟರ್ ನೋಡ್ತಾನೆ, ರಾಬಿನ್ ವಿಲಿಯಮ್ಸ್ ಮುಖ, ಮೇಲೆ 'ಜಗತ್ತಿನ ಅತ್ಯುತ್ತಮ ಅಪ್ಪ' ಅನ್ನೋ ಹೆಸರು, ಕಾಫಿ ಮಗ್ಗಿನ ಮೇಲೆ ಬರೆದಿರುತ್ತಲ್ಲ ಅದೇ ಮಾತು, ಅವನು ಏನು ಅಂದ್ಕೊಂಡು ಒಳಗೆ ಹೋಗ್ತಾನೆ ಹೇಳಿ. ಹಾಗೆ ಹೋದವನಿಗೆ ಈ ಕಥೆ ಸಿಕ್ಕಿದ್ರೆ ಸಿಟ್ಟು ಬರೋದು ನ್ಯಾಯವೇ.

ಪ್ರಶ್ನೆ: ರಾಟನ್ ಟೊಮೇಟೋಸ್‌ನಲ್ಲಿ ವಿಮರ್ಶಕರ ಪರ್ಸೆಂಟ್ ಒಂದು, ಪ್ರೇಕ್ಷಕರ ಪರ್ಸೆಂಟ್ ಇನ್ನೊಂದು. ಯಾವುದನ್ನ ನಂಬಬೇಕು?

ಎರಡನ್ನೂ ಮಾರ್ಕ್ಸ್ ಕಾರ್ಡ್ ಥರ ಓದಬೇಡಿ. ಅಲ್ಲಿ 88 ಪರ್ಸೆಂಟ್ ಅಂದ್ರೆ ಸಿನಿಮಾಗೆ ನೂರಕ್ಕೆ 88 ಮಾರ್ಕ್ಸ್ ಬಂತು ಅಂತಲ್ಲ, ನೂರು ವಿಮರ್ಶಕರಲ್ಲಿ 88 ಜನ ಒಟ್ಟಾರೆ ಚೆನ್ನಾಗಿದೆ ಅಂದ್ರು ಅಂತ. ಕುಣಿದಾಡಿ ಹೊಗಳಿದವನ ಓಟೂ ಒಂದೇ, ಪರವಾಗಿಲ್ಲ ನೋಡಬಹುದು ಅಂದವನ ಓಟೂ ಒಂದೇ. ಮೆಟಾಕ್ರಿಟಿಕ್ ಸೈಟು ಸರಾಸರಿ ತೆಗೆಯುತ್ತೆ, ಅಲ್ಲಿ ಈ ಸಿನಿಮಾ 70ರ ಆಸುಪಾಸಲ್ಲಿ ನಿಂತಿದೆ, ಅಂದ್ರೆ ಬಹಳ ವಿಮರ್ಶಕರು ಮೆಚ್ಚಿದ್ದು ನಿಜ, ಆದ್ರೆ ತಲೆ ಮೇಲೆ ಹೊತ್ತು ಕುಣಿದಿಲ್ಲ. ಪ್ರೇಕ್ಷಕರ ಅಂಕಿ ಬೇರೆ ಥರ, ಅಲ್ಲಿ ಓಟು ಹಾಕೋದು ಹುಡುಕಿಕೊಂಡು ಹೋಗಿ ನೋಡಿದವರು, ಆಮೇಲೆ ಓಟು ಹಾಕಲೇಬೇಕು ಅನ್ನೋಷ್ಟು ಖುಷಿಯೋ ಸಿಟ್ಟೋ ಆದವರು. ಅಮೆರಿಕದಲ್ಲಿ ಸಿನಿಮಾಸ್ಕೋರ್ ಅಂತ ಇನ್ನೊಂದಿದೆ, ರಿಲೀಸ್ ಆದ ದಿನ ಥಿಯೇಟರಿಂದ ಹೊರಗೆ ಬರೋರ ಕೈಗೆ ಕಾರ್ಡ್ ಕೊಟ್ಟು ಗ್ರೇಡ್ ಹಾಕಿಸ್ತಾರೆ, ಆದ್ರೆ ಅದು ದೊಡ್ಡ ಸಿನಿಮಾಗಳಿಗೆ ಅನುಕೂಲ, ನಾಲ್ಕಾರು ಥಿಯೇಟರಲ್ಲಿ ಬರೋದಕ್ಕಲ್ಲ. ಡಾರ್ಕ್ ಕಾಮಿಡಿಗೆ ಅಂಕಿ ನೋಡೋದಕ್ಕಿಂತ ಒಂದು ಹೊಗಳಿಕೆ, ಒಂದು ಬೈಗುಳ, ಎರಡನ್ನೂ ಪೂರ್ತಿ ಓದಿ. ಬೈದವನು ಬೈದಿರೋ ಕಾರಣ ನಿಮಗೆ ಇಷ್ಟ ಆಗಿಬಿಟ್ರೆ ಆ ಸಿನಿಮಾ ನಿಮ್ಮದು.

ಪ್ರಶ್ನೆ: ನಾನೂ ನಮ್ಮೆಜಮಾನ್ರೂ ನಿಮ್ಮ ಮಾತು ನಂಬಿ ನೋಡೋಕೆ ಕೂತು ಮುಕ್ಕಾಲು ಗಂಟೆಗೆ ಆಫ್ ಮಾಡಿದ್ವಿ. ಮಗು ಸಾಯೋದು ಕಾಮಿಡಿ ಹೇಗಾಗುತ್ತೆ? ಹೆತ್ತ ಹೊಟ್ಟೆ ಇದನ್ನ ನೋಡಿ ನಗುತ್ತಾ? ಇಂಥದ್ದನ್ನ ಹೊಗಳೋ ವಿಮರ್ಶಕರಿಗೆ ಮಕ್ಕಳಿಲ್ವಾ?

ನಿಮ್ಮ ಪತ್ರ ನಾನು ಮೂರು ಸಲ ಓದಿದೆ. ಆಫ್ ಮಾಡಿದ್ದು ತಪ್ಪಲ್ಲ. ಆದ್ರೆ ನೀವು ಆಫ್ ಮಾಡಿರೋ ಜಾಗ ಯಾವುದು ಅಂತ ನನಗೆ ಹೆಚ್ಚುಕಮ್ಮಿ ಗೊತ್ತಾಯ್ತು, ಅಪ್ಪ ಮನೆಗೆ ಬಂದು ಮಗನ ರೂಮಿನ ಬಾಗಿಲು ತೆಗೆಯೋ ಸೀನು.

ಆ ಸೀನನ್ನ ಮತ್ತೆ ನೆನಪು ಮಾಡ್ಕೊಳ್ಳಿ, ಅಲ್ಲಿ ನಗು ಇತ್ತಾ? ಒಂದೇ ಒಂದು ಜೋಕಿಲ್ಲ. ಅದುವರೆಗೂ ಸಿನಿಮಾ ನಗಿಸ್ತಾನೇ ಇತ್ತು, ಆ ಬಾಗಿಲು ತೆಗೆದ ಕ್ಷಣಕ್ಕೆ ಸಿನಿಮಾನೇ ಉಸಿರು ಕಟ್ಟಿ ನಿಂತುಬಿಡುತ್ತೆ. ವಿಲಿಯಮ್ಸ್ ಅಲ್ಲಿ ಮಾಡಿರೋ ಅಳು ಸಿನಿಮಾದ ಅಳು ಥರ ಇಲ್ಲ, ಮೊದಲು ನಂಬಿಕೆ ಇಲ್ಲ, ಆಮೇಲೆ ಗಡಿಬಿಡಿ, ಆಮೇಲೆ ಗಂಟಲಿಂದ ಏನೋ ಒಂದು ಶಬ್ದ, ನೋಡೋಕಾಗದೆ ಮುಖ ತಿರುಗಿಸ್ಬೇಕು ಅನ್ನಿಸೋ ಥರ. ನಿರ್ದೇಶಕನಿಗೆ ಆ ಸಾವನ್ನ ನೋಡಿ ನಗಬೇಕು ಅಂತ ಇದ್ದಿದ್ರೆ ನಗಿಸೋಕೆ ಅದೇ ಜಾಗ, ಸಾವಿನ ರೀತಿ ಅಂಥದ್ದು, ಕೀಳು ಅಭಿರುಚಿಯವನಾಗಿದ್ರೆ ಬಿಡ್ತಿರಲಿಲ್ಲ. ಅವನು ಮುಟ್ಟಲೇ ಇಲ್ಲ. ಸತ್ತಿರೋ ಹುಡುಗ ಎಷ್ಟೇ ಕೆಟ್ಟವನಾಗಿರಲಿ ಅಪ್ಪನಿಗೆ ಅದು ಮಗನ ದೇಹ, ಅಷ್ಟೇ.

ನಗು ಶುರುವಾಗೋದು ಅದಾದ ಮೇಲೆ, ನೀವು ಆಫ್ ಮಾಡಿದ ಮೇಲೆ. ಮತ್ತೆ ಆ ನಗು ಸತ್ತವನ ಮೇಲಲ್ಲ, ಸತ್ತವನ ಸುತ್ತ ನೆರೆದವರ ಮೇಲೆ. ಕೈಲ್‌ನ ಪತ್ರ ಓದಿದ ಮೇಲೆ ಅವನ ಜೊತೆ ಒಂದು ಮಾತೂ ಆಡದಿದ್ದ ಹುಡುಗ ಹುಡುಗಿಯರು ತಾವೆಲ್ಲ ಅವನಿಗೆ ಎಷ್ಟು ಹತ್ತಿರ ಇದ್ವಿ ಅಂತ ಹೇಳ್ಕೊಂಡು ಅಳ್ತಾರೆ, ಖಾಲಿ ಹೊಡೀತಿದ್ದ ಅಪ್ಪನ ಕವಿತೆ ಕ್ಲಾಸ್ ತುಂಬಿ ಹೋಗುತ್ತೆ, ಶಾಲೆ ಲೈಬ್ರರಿಗೆ ಅವನ ಹೆಸರಿಡೋಕೆ ಹೊರಡ್ತಾರೆ, ಅವನನ್ನ ಶಾಲೆಯಿಂದ ಸಾಗಹಾಕೋ ಮಾತಾಡಿದ್ದ ಪ್ರಿನ್ಸಿಪಾಲರೇ ಮುಂದೆ ನಿಂತು. ನಮ್ಮಲ್ಲಿ ಇದಕ್ಕೆ ಗಾದೆ ಇದೆ, ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಈ ಸಿನಿಮಾ ಆ ಒಂದು ಗಾದೆಯ ಮೇಲೆ 99 ನಿಮಿಷ ನಿಂತಿದೆ.

ಇದು ಎಲ್ಲೋ ಅಮೆರಿಕದವರ ಹುಚ್ಚು ಅಂತ ನನಗೆ ಅನ್ನಿಸಲ್ಲ. ನಮ್ಮ ಬಂಧುಗಳಲ್ಲೇ ಒಬ್ಬರು ಹಿರಿಯರು ತೀರಿಕೊಂಡಾಗ ಕೂತವರೆಲ್ಲ ಅವರನ್ನ ಹೊಗಳಿದ್ದೇ ಹೊಗಳಿದ್ದು, ದೇವರಂಥ ಮನುಷ್ಯ, ಗಟ್ಟಿಯಾಗಿ ಮಾತಾಡಿದವರಲ್ಲ, ಹೀಗೆ. ಅವರು ಮಹಾ ಮುಂಗೋಪಿ, ಮನೇಲಿ ತಟ್ಟೆ ಲೋಟ ಹಾರದೇ ಇದ್ದ ದಿನ ಕಮ್ಮಿ, ಅದು ಅಲ್ಲಿ ಕೂತಿದ್ದ ಅಷ್ಟೂ ಜನಕ್ಕೆ ಗೊತ್ತು. ಸ್ವಲ್ಪ ಹೊತ್ತಿಗೆ ಅವರ ಮಗಳು ಎದ್ದು ಹಿತ್ತಿಲಿಗೆ ಹೋದಳು, ನಾನೂ ಹಿಂದೇನೇ ಹೋದೆ, ನೀರಿನ ತೊಟ್ಟಿ ಕಟ್ಟೆ ಮೇಲೆ ಕೂತು ಸೆರಗಿನ ತುದಿ ಸುತ್ತಿ ಸುತ್ತಿ ಬಿಚ್ತಾ ಇದ್ದಳು. ಅಣ್ಣಾ, ಇವರೆಲ್ಲ ಯಾರ ಬಗ್ಗೆ ಮಾತಾಡ್ತಿದ್ದಾರೆ, ನನಗೆ ಬೈತಿದ್ದ ಅಪ್ಪನೇ ಬೇಕು, ಇವರು ಹೇಳ್ತಿರೋ ಅಪ್ಪ ನನಗೆ ಗುರುತೇ ಇಲ್ಲ ಅಂದಳು. ನನಗೆ ಈ ಸಿನಿಮಾ ನೋಡುವಾಗ ಪೂರ್ತಿ ಹೊತ್ತು ಕಣ್ಣ ಮುಂದೆ ಇದ್ದಿದ್ದು ಅವಳು. ಹೊಗಳಿ ಹೊಗಳಿ ಅವಳ ಅಪ್ಪನನ್ನ ಎರಡನೇ ಸಲ ಕಳಿಸಿಕೊಟ್ಟಿದ್ರು.

ವಿಮರ್ಶಕರಿಗೆ ಮಕ್ಕಳಿಲ್ವಾ ಅಂತ ಕೇಳಿದ್ದೀರಿ. ಇರ್ತಾರೆ. ಮಕ್ಕಳಿರೋ ವಿಮರ್ಶಕರಿಗೆ ಆ ಬಾಗಿಲಿನ ಸೀನು ನಿಮ್ಮಷ್ಟೇ ಚುಚ್ಚಿರುತ್ತೆ, ಅವರು ಕೆಲಸದ ಕಾರಣಕ್ಕೆ ಎದ್ದು ಹೋಗದೆ ಕೂತ್ರು, ಆದ್ದರಿಂದ ಮುಂದಿನ ಒಂದು ಗಂಟೆ ಅವರಿಗೆ ಸಿಕ್ತು. ನಿಮಗೆ ಮತ್ತೆ ನೋಡಿ ಅಂತ ನಾನು ಒತ್ತಾಯ ಮಾಡಲ್ಲ.

ಪ್ರಶ್ನೆ: ಟಿವಿ ಶೋ ಸೀನಲ್ಲಿ ಅಪ್ಪ ಅಳ್ತಿದ್ದಾನಾ ನಗ್ತಿದ್ದಾನಾ? ನಮ್ಮ ಹಾಸ್ಟೆಲ್‌ನಲ್ಲಿ ಇದರ ಬಗ್ಗೆ ಒಂದು ವಾರದಿಂದ ಜಗಳ.

ನಗ್ತಿದ್ದಾನೆ. ಟಾಕ್ ಶೋನಲ್ಲಿ ಸತ್ತ ಮಗನ ಬಗ್ಗೆ ಕೇಳ್ತಾರೆ, ಇವನಿಗೆ ಇಡೀ ಸುಳ್ಳಿನ ಸಂತೆ ನೆನಪಾಗಿ ನಗು ಉಕ್ಕಿ ಬರುತ್ತೆ, ತಡೆಯೋಕೆ ಹೋಗ್ತಾನೆ, ಭುಜ ಕುಲುಕುತ್ತೆ, ಮುಖ ಮುಚ್ಕೋತಾನೆ, ನೋಡೋರಿಗೆ ಅದು ದುಃಖ ತಡೆಯಲಾರದೆ ಬಿಕ್ಕಿದ ಹಾಗೆ ಕಾಣುತ್ತೆ. ನಗು ನಗ್ತಾ ನಗ್ತಾನೇ ನಿಜವಾದ ಅಳು ಒಳಗೆ ಸೇರ್ಕೊಂಡುಬಿಡುತ್ತೆ, ಒಂದು ಹಂತ ದಾಟಿದ ಮೇಲೆ ಯಾವುದು ಯಾವುದು ಅಂತ ಅವನಿಗೂ ಗೊತ್ತಾಗ್ತಿಲ್ಲ ಅನ್ನೋದು ನನ್ನ ಓದು. ಹಾಗಾಗಿ ನಿಮ್ಮ ಹಾಸ್ಟೆಲ್‌ನ ಎರಡೂ ಪಾರ್ಟಿ ಗೆದ್ದಂಗೆ. ಡಾರ್ಕ್ ಕಾಮಿಡಿ ಅಂದ್ರೇನು ಅಂತ ಬೇರೆ ಇಬ್ಬರು ಕೇಳಿದ್ದಾರೆ, ಆ ಎರಡು ನಿಮಿಷ ನೋಡಿದ್ರೆ ನಾನು ಬೇರೆ ಡೆಫಿನಿಷನ್ ಕೊಡಬೇಕಾಗಿಲ್ಲ.

ಪ್ರಶ್ನೆ: ಜೀವನದಲ್ಲಿ ಒಬ್ಬಂಟಿಯಾಗೋದಕ್ಕಿಂತ ಕೆಟ್ಟದ್ದು ನಮ್ಮನ್ನ ಒಬ್ಬಂಟಿ ಅನ್ನಿಸೋ ಹಾಗೆ ಮಾಡೋ ಜನರ ಮಧ್ಯೆ ಇರೋದು ಅಂತ ರಾಬಿನ್ ವಿಲಿಯಮ್ಸ್ ಹೇಳಿದ್ದಾರೆ ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಅವರ ಫೋಟೋ ಸಮೇತ ಬರ್ತಾನೇ ಇರುತ್ತೆ. ನಿಜವಾಗ್ಲೂ ಅವರು ಹೇಳಿದ್ದಾ?

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ವಿಶೇಷ ಥ್ಯಾಂಕ್ಸ್, ನಾನು ಈ ಅಂಕಣ ಬರೆಯೋಕೆ ಕೂತಿದ್ದೇ ಇದಕ್ಕೆ.

ಅದು ಈ ಸಿನಿಮಾದ ಡೈಲಾಗು. ಲ್ಯಾನ್ಸ್ ಕ್ಲೇಟನ್ ಪಾತ್ರ ಹೇಳೋ ಮಾತು, ಬರೆದವನು ಗೋಲ್ಡ್‌ಥ್ವೇಟ್. ವಿಲಿಯಮ್ಸ್ ಅದನ್ನ ನಟನಾಗಿ ಹೇಳಿದ್ದು ಹೌದು, ಆದ್ರೆ ಅದು ಅವರ ಸ್ವಂತ ಮಾತಲ್ಲ. 2014ರ ಆಗಸ್ಟ್ 11ರಂದು ವಿಲಿಯಮ್ಸ್ ತಮ್ಮ 63ನೇ ವಯಸ್ಸಲ್ಲಿ ಜೀವ ಕಳ್ಕೊಂಡ್ರು, ಆತ್ಮಹತ್ಯೆ. ಅದಾದ ಮೇಲೆ ಜಗತ್ತಿನ ತುಂಬಾ ಈ ಸಾಲು ಅವರ ಫೋಟೋ ಪಕ್ಕ ಸೇರ್ಕೊಂಡು ಓಡಾಡೋಕೆ ಶುರುವಾಯ್ತು, ಅವರೇ ಕೊನೇಲಿ ಮನಸ್ಸು ಬಿಚ್ಚಿ ಹೇಳಿಹೋದ್ರು ಅನ್ನೋ ಥರ. ಇದೇ ಸಿನಿಮಾದಲ್ಲಿ ಟಿವಿ ಶೋನಲ್ಲಿ ಕೂತು ಅಪ್ಪ ಹೇಳೋ ಇನ್ನೊಂದು ಮಾತು, ಆತ್ಮಹತ್ಯೆ ಬಗ್ಗೆ ಇರೋದು, ಅದೂ ಹಾಗೇ ಓಡಾಡ್ತು.

ಈಗ ಯೋಚನೆ ಮಾಡಿ ನೋಡಿ. ಸಿನಿಮಾ ಯಾವುದರ ಬಗ್ಗೆ? ಸತ್ತವನೊಬ್ಬನ ಬಾಯಲ್ಲಿ ಅವನಾಡದ ಮಾತು ಇಟ್ಟು, ಆ ಮಾತನ್ನ ಎಲ್ಲರೂ ಎದೆಗೊತ್ತಿಕೊಂಡು ಅಳೋದರ ಬಗ್ಗೆ. ಕೈಲ್‌ನ ಕೊನೇ ಪತ್ರ ಬರೆದಿದ್ದು ಕೈಲ್ ಅಲ್ಲ. ಐದು ವರ್ಷ ಆದ ಮೇಲೆ ಆ ಅಪ್ಪನ ಪಾತ್ರ ಮಾಡಿದ ಮನುಷ್ಯನಿಗೇ ಅದಾಯ್ತು, ಅದೂ ಅದೇ ಸಿನಿಮಾದ ಸಾಲನ್ನೇ ತಗೊಂಡು. ಹಂಚಿದವರಲ್ಲಿ ಬಹಳ ಜನ ಈ ಸಿನಿಮಾ ನೋಡಿದ್ದೇ ಅನುಮಾನ, ನೋಡಿದ್ರೆ ಆ ಮಾತು ಯಾರದ್ದು ಅಂತ ಗೊತ್ತಿರ್ತಿತ್ತು. ಇದನ್ನ ಮೊದಲ ಸಲ ಗಮನಿಸಿದಾಗ ನನಗೆ ಬಹಳ ಹೊತ್ತು ಏನೂ ಮಾಡೋಕಾಗಲಿಲ್ಲ, ಸುಮ್ಮನೆ ಫೋನ್ ಕೆಳಗಿಟ್ಟು ಕೂತಿದ್ದೆ.

ಹಂಚಿದವರ ಮೇಲೆ ನನಗೆ ಕೋಪ ಇಲ್ಲ. ಬಹಳ ಪ್ರೀತಿಸಿದ ಮನುಷ್ಯ ಹೋದಾಗ ಕಾರಣ ಬೇಕು, ಅವನೇ ಒಂದು ಕಾರಣ ಹೇಳಿಹೋಗಿರಬಾರದಾ ಅನ್ನಿಸುತ್ತೆ, ಸಿನಿಮಾದ ಜನರಿಗೂ ಅನ್ನಿಸಿದ್ದು ಅದೇ. ಆದ್ರೆ ಇದರಲ್ಲಿ ಒಂದು ನಷ್ಟ ಇದೆ. ಅವರು ತೀರಿಕೊಂಡ ಮೇಲೆ ನಡೆದ ಪರೀಕ್ಷೇಲಿ ಗೊತ್ತಾಗಿದ್ದು ಅವರಿಗೆ ಲೂಯಿ ಬಾಡಿ ಡಿಮೆನ್ಷಿಯಾ ಅನ್ನೋ ಮೆದುಳಿನ ಕಾಯಿಲೆ ಇತ್ತು ಅಂತ. ಬದುಕಿದ್ದಾಗ ಡಾಕ್ಟರುಗಳು ಪಾರ್ಕಿನ್ಸನ್ಸ್ ಅಂತ ಹೇಳಿದ್ರು, ನಿಜವಾದ ಕಾಯಿಲೆ ಹೆಸರು ಅವರಿಗೆ ಕೊನೇವರೆಗೂ ಗೊತ್ತಾಗಲೇ ಇಲ್ಲ. ಯೋಚನೆ, ನೆನಪು, ಭಯ, ನಿದ್ದೆ ಎಲ್ಲವನ್ನೂ ಕೆಡಿಸೋ ಕಾಯಿಲೆ ಅದು. ಅವರ ಹೆಂಡತಿ ಸೂಸನ್ 2016ರಲ್ಲಿ ಒಂದು ನ್ಯೂರಾಲಜಿ ಜರ್ನಲ್‌ಗೆ ಆ ದಿನಗಳ ಬಗ್ಗೆ ಬರೆದಿದ್ದಾರೆ. ವಿಲಿಯಮ್ಸ್‌ನ ಸಾವಿನ ಸುತ್ತ ನಿಜವಾಗಿ ಇದ್ದಿದ್ದು ಇದು. ನಾವು ಅವರ ಫೋಟೋ ಪಕ್ಕ ಒಂದು ಚೆಂದದ ಡೈಲಾಗ್ ಅಂಟಿಸಿದಷ್ಟೂ ಆ ನಿಜವಾದ ಮನುಷ್ಯ, ಕಾಯಿಲೆ ಬಿದ್ದಿದ್ದ ಮನುಷ್ಯ, ಹಿಂದಕ್ಕೆ ಸರೀತಾನೆ. ಮುಂದಿನ ಸಲ ಆ ಮೆಸೇಜ್ ಬಂದ್ರೆ ಫಾರ್ವರ್ಡ್ ಮಾಡಬೇಡಿ, ಇದು ಈ ಸಿನಿಮಾದ ಡೈಲಾಗ್ ಅಂತ ಒಂದು ಸಾಲು ಕೆಳಗೆ ಹಾಕಿ.

2014ರ ಮೇಲೆ ಈ ಸಿನಿಮಾನ ಜನ ನೋಡೋ ರೀತೀನೇ ಬದಲಾಗಿದೆ ಅನ್ನೋದೂ ನಿಜ. ಹೊಸದಾಗಿ ನೋಡಿದವರು ಬಹಳ ಜನ ಮಧ್ಯದಲ್ಲಿ ನಿಲ್ಲಿಸಿದ್ದಾಗಿ ಹೇಳ್ತಾರೆ, ಮಗನ ಪತ್ರ ಬರೆಯೋಕೆ ಕೂತ ಆ ಅಪ್ಪನ ಮುಖದಲ್ಲಿ ಅವರಿಗೆ ಬೇರೇನೋ ಕಾಣುತ್ತೆ. ಅದನ್ನ ನಾನು ಅಲ್ಲ ಅನ್ನಲ್ಲ. ನನಗೂ ಎರಡನೇ ಸಲ ನೋಡುವಾಗ ಹಾಗೇ ಆಯ್ತು.

ಪ್ರಶ್ನೆ: 14 ವರ್ಷದ ಮಗನ ಜೊತೆ ಕೂತು ನೋಡಬಹುದಾ?

ಬೇಡ. ಅಮೆರಿಕದಲ್ಲೇ ಇದಕ್ಕೆ ಆರ್ ಸರ್ಟಿಫಿಕೇಟ್, ಹದಿನೇಳು ತುಂಬದವರು ದೊಡ್ಡವರಿಲ್ಲದೆ ಥಿಯೇಟರ್ ಒಳಗೆ ಹೋಗೋ ಹಾಗಿಲ್ಲ. ಭಾಷೆ ತೀರಾ ಹಸಿ, ಸಾವಿನ ರೀತಿ ವಿವರಿಸೋದು ಕಷ್ಟ. ನೀವು ಮೊದಲು ಒಬ್ಬರೇ ನೋಡಿ. ಮಗ ಇನ್ನು ನಾಲ್ಕು ವರ್ಷ ದೊಡ್ಡವನಾಗಲಿ.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಆ ಹುಡುಗ ಕೈಲ್ ಅಷ್ಟು ಕೆಟ್ಟವನಾಗಿರೋದು ನಂಬೋಕಾಗಲ್ಲ, ಒಂದು ಒಳ್ಳೇ ಗುಣನೂ ಇಲ್ಲದ ಮಗು ಇರಲ್ಲ. ಅದು ನಿರ್ದೇಶಕನ ಸೋಲು ಅಲ್ವಾ?

ಕೆಲವರು ಇದನ್ನೇ ಸಿನಿಮಾದ ದೋಷ ಅಂತ ಹೇಳಿದ್ದಾರೆ, ನನಗೂ ಮೊದಲ ಸಲ ನೋಡಿದಾಗ ಹಾಗೇ ಅನ್ನಿಸಿತ್ತು. ಡ್ಯಾರಿಲ್ ಸಬಾರಾ ಅನ್ನೋ ಹುಡುಗ ಆ ಪಾತ್ರ ಮಾಡಿದ್ದು, ಅದಕ್ಕೂ ಮೊದಲು 'ಸ್ಪೈ ಕಿಡ್ಸ್' ಸಿನಿಮಾಗಳಲ್ಲಿ ಮುದ್ದು ಮುದ್ದಾಗಿ ಕಂಡವನು, ಇಲ್ಲಿ ಒಂದು ಸೀನಲ್ಲೂ ಮೆತ್ತಗಾಗಲ್ಲ, ಕ್ಯಾಮೆರಾ ಕಡೆ ಒಂದು ಸಲ ಪಾಪದ ಮುಖ ಮಾಡಲ್ಲ. ಅದು ಧೈರ್ಯದ ನಟನೆ.

ಆದ್ರೆ ಈ ಕಥೆಗೆ ಅವನು ಹಾಗೇ ಇರಬೇಕು ಮೇಡಂ. ಕೈಲ್‌ಗೆ ಒಂದು ಗುಟ್ಟಾದ ಒಳ್ಳೇತನ ಇದ್ದಿದ್ರೆ, ಬೀದಿ ನಾಯಿಗೆ ಅನ್ನ ಹಾಕ್ತಿದ್ದ ಅನ್ನೋ ಥರದ್ದು ಏನಾದ್ರೂ, ಅಪ್ಪ ಹೇಳಿದ ಸುಳ್ಳು ಅರ್ಧ ನಿಜ ಆಗಿಬಿಡ್ತಿತ್ತು, ನಮಗೂ ಸಮಾಧಾನ ಆಗಿಬಿಡ್ತಿತ್ತು. ನಿರ್ದೇಶಕ ಆ ಸಮಾಧಾನ ಕೊಡಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀವಲ್ಲ, ನಾವು ಅದನ್ನ ಹೆತ್ತವರನ್ನ ಆಡ್ಕೊಳ್ಳೋಕೆ ಬಳಸ್ತೀವಿ, ಕುರುಡು ಪ್ರೀತಿ ಅಂತ. ಈ ಅಪ್ಪ ಕುರುಡ ಅಲ್ಲ, ಮಗ ಹೆಗ್ಗಣ ಅಂತ ಅವನಿಗೆ ಚೆನ್ನಾಗಿ ಗೊತ್ತು, ದಿನಾ ಬೈಸ್ಕೊಂಡು ಪಕ್ಕದಲ್ಲಿ ಕೂರಿಸ್ಕೊಂಡು ಕಾರಲ್ಲಿ ಶಾಲೆಗೆ ಕರ್ಕೊಂಡು ಹೋಗ್ತಾನೆ, ಅವನು ಕೊಟ್ಟಷ್ಟೂ ಮಗ ಒದೀತಾನೆ, ಆದ್ರೂ ಮಾರನೇ ದಿನ ಮತ್ತೆ ಕೊಡ್ತಾನೆ. ಒಳ್ಳೇ ಮಗುವನ್ನ ಪ್ರೀತಿಸೋದು ಯಾರಿಗೂ ಕಷ್ಟ ಅಲ್ಲ. ನಿಮ್ಮ ಕ್ಲಾಸಲ್ಲೂ ಪೇರೆಂಟ್ಸ್ ಮೀಟಿಂಗ್ ದಿನ ತಲೆ ತಗ್ಗಿಸ್ಕೊಂಡು ಕೊನೇ ಬೆಂಚಲ್ಲಿ ಬಂದು ಕೂರೋ ಒಬ್ಬ ಅಪ್ಪ ಇರ್ತಾನೆ, ಅವನನ್ನ ನೆನೆಸ್ಕೊಂಡು ಇನ್ನೊಂದು ಸಲ ನೋಡಿ.

ಸಿನಿಮಾದಲ್ಲಿ ಸೋಲು ಇಲ್ಲ ಅಂತಲ್ಲ. ನೋಡೋಕೆ ತೀರಾ ಸಾದಾ ಇದೆ, ಹಾಡು ಹಾಕಿ ದೃಶ್ಯ ಓಡಿಸೋದು ಜಾಸ್ತಿ ಆಯ್ತು, ಶಾಲೆಯ ಉಳಿದ ಹುಡುಗರು ಮನುಷ್ಯರಾಗೋಕಿಂತ ಮೊದಲೇ ಕಾರ್ಟೂನ್ ಆಗಿಬಿಡ್ತಾರೆ. ಎಬರ್ಟ್ ಕೊಟ್ಟ ಮೂರು ಸ್ಟಾರ್ ಸರಿ ಅಂತಲೇ ನನ್ನ ಲೆಕ್ಕ.

ಪ್ರಶ್ನೆ: ಕನ್ನಡದಲ್ಲಿ ಅಪ್ಪ ಮಗನ ಮೇಲೆ ಇಂಥ ಧೈರ್ಯದ ಕಾಮಿಡಿ ಇದೆಯಾ?

'ತಿಥಿ' ನೋಡಿಲ್ವಾ? ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಜೊತೆ ಸೇರಿ ಬರೆದಿದ್ದು, 2015ರಲ್ಲಿ ಲೊಕಾರ್ನೋ ಫೆಸ್ಟಿವಲ್‌ನಲ್ಲಿ ಎರಡು ಪ್ರಶಸ್ತಿ, ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ. ಇಲ್ಲಿ ಅಪ್ಪ ಸತ್ತ ಮಗನ ಬಗ್ಗೆ ಸುಳ್ಳು ಬರೀತಾನೆ, ಅಲ್ಲಿ ಮಗ ತಮ್ಮಣ್ಣ ಜಮೀನಿಗೋಸ್ಕರ ಬದುಕಿರೋ ಅಪ್ಪ ಗಡ್ಡಪ್ಪ ಸತ್ತಿದ್ದಾನೆ ಅಂತ ಸರ್ಟಿಫಿಕೇಟ್ ಮಾಡಿಸ್ತಾನೆ. ಆ ಸಿನಿಮಾನ ವಿಮರ್ಶಕರೂ ಮೆಚ್ಚಿದ್ರು, ಜನನೂ ಮೆಚ್ಚಿದ್ರು, ಗಡ್ಡಪ್ಪ, ಸೆಂಚುರಿ ಗೌಡ ಮನೆಮಾತಾದ್ರು. ನಟರೆಲ್ಲ ಹಳ್ಳಿಯ ಸಾಮಾನ್ಯ ಜನ, ಮುಖ ನೋಡಿ ಏನೋ ನಿರೀಕ್ಷೆ ಇಟ್ಕೊಂಡು ಮೋಸ ಹೋಗೋ ಪ್ರಶ್ನೆನೇ ಇರಲಿಲ್ಲ. ವಿಲಿಯಮ್ಸ್ ಸಿನಿಮಾಗೆ ಆ ಭಾಗ್ಯ ಇರಲಿಲ್ಲ.

ಪ್ರಶ್ನೆ: ನಮ್ಮ ಮಗ ಹೋಗಿ ಎರಡು ವರ್ಷ. ಹೇಗೆ ಹೋದ ಅಂತ ಬರೆಯಲ್ಲ. ನೀವು ಬರೆದಿದ್ದು ಓದಿದ ಮೇಲೆ ಈ ಸಿನಿಮಾ ನೋಡಬೇಕಾ ಬೇಡ್ವಾ ಅಂತ ಯೋಚನೆ.

ಈಗ ಬೇಡಮ್ಮ. ಆ ಬಾಗಿಲಿನ ಸೀನನ್ನ ನೀವು ನೋಡಬೇಕಾಗಿಲ್ಲ. ಯಾವತ್ತೂ ನೋಡದೇ ಇದ್ರೂ ನಷ್ಟ ಏನಿಲ್ಲ. ನಿಮಗೆ ಮಗನ ಬಗ್ಗೆ ಮಾತಾಡ್ಬೇಕು ಅನ್ನಿಸಿದ್ರೆ, ಅವನ ಒಳ್ಳೇದು ಅಷ್ಟೇ ಅಲ್ಲ ಅವನ ಹಠ, ಸಿಟ್ಟು, ನಿಮ್ಮ ಜೊತೆ ಆಡಿದ ಜಗಳ ಎಲ್ಲ, ಕೇಳೋಕೆ ಒಬ್ಬರನ್ನ ಹುಡುಕಿಕೊಳ್ಳಿ. ಮನೇಲಿ ಯಾರೂ ಇಲ್ಲ ಅನ್ನಿಸಿದ ರಾತ್ರಿ ಟೆಲಿ ಮಾನಸ್ ಇದೆ, 14416, ಫ್ರೀ, ಹಗಲು ರಾತ್ರಿ ಯಾವಾಗಲೂ ಎತ್ಕೋತಾರೆ, ಕನ್ನಡದಲ್ಲೇ ಮಾತಾಡಬಹುದು. ನನಗೂ ಬರೀರಿ. ಅವನ ಹೆಸರು ಬರೆದು ಕಳಿಸಿ, ಇಲ್ಲಿ ಹಾಕಲ್ಲ, ನನಗೆ ಗೊತ್ತಿರಲಿ ಅಂತ.

ಪ್ರಶ್ನೆ: ನೀವು ಅವನನ್ನ ಒಳ್ಳೇ ಅಪ್ಪ ಅನ್ನೋ ಥರ ಬರೆದಿದ್ರಿ. ಮಗನ ಹೆಣ ಮುಂದಿಟ್ಕೊಂಡು ಹೆಸರು ಮಾಡಿದವನು ಒಳ್ಳೇ ಅಪ್ಪ ಹೇಗಾಗ್ತಾನೆ? ಟೈಟಲ್ ಇರೋದೇ ವ್ಯಂಗ್ಯಕ್ಕೆ ಅಲ್ವಾ?

ಮುಕ್ಕಾಲು ಸಿನಿಮಾಗೆ ನೀವು ಹೇಳಿದ್ದು ಪೂರ್ತಿ ಸರಿ. ಮೊದಲ ಪತ್ರ ಬರೆದಿದ್ದು ಮಗನಿಗೋಸ್ಕರ. ಡೈರಿ ಬರೆದಿದ್ದು ತನಗೋಸ್ಕರ, ಅದರಲ್ಲಿ ಎರಡು ಮಾತಿಲ್ಲ. ತನಗೆ ಇಷ್ಟವಾದ ಬ್ರೂಸ್ ಹಾರ್ನ್ಸ್‌ಬಿ ಅನ್ನೋ ಹಾಡುಗಾರನನ್ನ ಮಗನಿಗೂ ಇಷ್ಟ ಅಂತ ಸುಳ್ಳು ಹೇಳಿಬಿಡ್ತಾನೆ, ಲೈಬ್ರರಿಗೆ ಮಗನ ಹೆಸರಿಡೋ ದಿನ ಆ ಹಾರ್ನ್ಸ್‌ಬಿನೇ ಬಂದು ಕೂತಿರ್ತಾನೆ. ನಿಜವಾದ ಹಾರ್ನ್ಸ್‌ಬಿನೇ, ತನ್ನ ಪಾತ್ರದಲ್ಲಿ ತಾನೇ. ಅಷ್ಟೊತ್ತಿಗೆ ಕೈಲ್ ಅನ್ನೋ ಹುಡುಗನಲ್ಲಿ ಕೈಲ್ ಅನ್ನೋದು ಒಂದು ಚೂರೂ ಉಳಿದಿಲ್ಲ, ಎಲ್ಲಾ ಅಪ್ಪನೇ ತುಂಬ್ಕೊಂಡಿದ್ದಾನೆ.

ಅಲ್ಲಿ ಅವನು ಮೈಕ್ ಮುಂದೆ ಎದ್ದು ನಿಲ್ತಾನೆ. ಪುಸ್ತಕ, ಟಿವಿ, ಪ್ರೀತಿಸೋ ಹುಡುಗಿ, ತುಂಬಿದ ಕ್ಲಾಸು, ಜೀವನವಿಡೀ ಕೇಳ್ಕೊಂಡಿದ್ದೆಲ್ಲ ಕೈಗೆ ಬಂದಿದೆ, ಬಾಯಿ ಮುಚ್ಕೊಂಡು ಒಂದು ಥ್ಯಾಂಕ್ಸ್ ಹೇಳಿ ಕೂತಿದ್ರೆ ಸಾಕಿತ್ತು. ಅವನು ನಿಜ ಹೇಳಿಬಿಡ್ತಾನೆ. ಪತ್ರ ಬರೆದಿದ್ದು ನಾನು, ಡೈರಿ ಬರೆದಿದ್ದು ನಾನು, ನನ್ನ ಮಗ ಜಾಣ ಅಲ್ಲ, ಒಳ್ಳೆಯವನೂ ಅಲ್ಲ, ಆದ್ರೆ ಅವನು ನನ್ನ ಮಗ, ನನಗೆ ಅವನ ಮೇಲೆ ಪ್ರೀತಿ ಇತ್ತು ಅನ್ನೋ ಅರ್ಥದಲ್ಲಿ. ಆ ಕ್ಷಣಕ್ಕೆ ಮಗ ಅವನಿಗೆ ವಾಪಸ್ ಸಿಗ್ತಾನೆ. ಎಲ್ಲರೂ ಉಗೀತಾರೆ, ಅವನು ನಡೆದುಕೊಂಡು ಹೋಗ್ತಾ ಹೋಗ್ತಾ ಬಟ್ಟೆ ಒಂದೊಂದೇ ಕಳಚಿ ಶಾಲೆಯ ಈಜುಕೊಳಕ್ಕೆ ಜಿಗೀತಾನೆ, ಹಿಂದೆ 'ಅಂಡರ್ ಪ್ರೆಷರ್' ಹಾಡು. ಸನ್‌ಡ್ಯಾನ್ಸ್‌ನಿಂದ ಇವತ್ತಿನವರೆಗೆ ಈ ಸಿನಿಮಾ ಮೆಚ್ಚಿದವರು ಮೆಚ್ಚಿದ್ದು ಆ ಜಿಗಿತಕ್ಕೆ, ಮೆಚ್ಚದವರಿಗೆ ಅದು ಅತಿ ಆಯ್ತು. ನಾನು ಮೆಚ್ಚಿದವರ ಕಡೆ.

ಆದ್ರೆ ಟೈಟಲ್ ಬಗ್ಗೆ ನನಗೆ ಉತ್ತರ ಸಿಕ್ಕಿದ್ದು ಅದಾದ ಮೇಲಿನ ಸಣ್ಣ ದೃಶ್ಯದಲ್ಲಿ. ಆಂಡ್ರ್ಯೂ, ಆ ಒಬ್ಬನೇ ಗೆಳೆಯ, ಕುಡುಕಿ ತಾಯಿ ಇರೋ ಮನೆಗೆ ಹೋಗೋಕೆ ಹೆದರಿ ಕೈಲ್ ಮನೇಲಿ ಹೊತ್ತು ಕಳೀತಿದ್ದ ಹುಡುಗ, ಆ ಬರವಣಿಗೆ ಕೈಲ್‌ದು ಅಲ್ಲ ಅಂತ ಅವನಿಗೆ ಮೊದಲಿಂದಲೂ ಗೊತ್ತಿತ್ತು. ಅವನು, ಪಕ್ಕದ ಮನೆಯ ಒಂಟಿ ಮುದುಕಿ, ಮತ್ತೆ ಈ ಅಪ್ಪ, ಮೂರು ಜನ ಒಂದೇ ಸೋಫಾದಲ್ಲಿ ಕೂತು ಟಿವಿಯಲ್ಲಿ ಜಾಂಬಿ ಸಿನಿಮಾ ನೋಡ್ತಿರ್ತಾರೆ. ಹೊರಗಿನ ಜನ ಯಾರೂ ಇಲ್ಲ, ಕ್ಲಾಸಿಲ್ಲ, ಪುಸ್ತಕ ಇಲ್ಲ. ಅಪ್ಪನ ಪಕ್ಕ ಒಬ್ಬ ಹುಡುಗ ಕೂತಿದ್ದಾನೆ.